ಬಳೆ ಅಂಗಡಿ ಮುಂದೆ

ಕೇಳುಗರಿಗೆ ನಮಸ್ಕಾರ. ಬಾದಾಮಿ ಸುತ್ತಮುತ್ತ 31 ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಊರಿಗೆ ಊರು ಬಲ್ಲ ನರ್ಸ್ ಬೇಕು. ಪಿಯುಸಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಮಕ್ಕಳೇ, ಮಗ್ಗದ ಮುಂದೆ ಕೂತು ರೇಡಿಯೋ ಕೇಳುತ್ತಿರುವ ಗುಳೇದಗುಡ್ಡದ ಅಪ್ಪ ಅವ್ವಂದಿರೇ, ಈ ಮಾತು ನಿಮಗೆ.

ಬಾದಾಮಿ ಎಂದರೆ ಎಲ್ಲರ ಕಣ್ಣ ಮುಂದೆ ಬರುವುದು ಮೇಣಬಸದಿ, ಅಂದರೆ ಬಂಡೆ ಕೊರೆದು ಮಾಡಿದ ಗುಹಾಲಯಗಳು. ಕ್ರಿ.ಶ. 543ರಲ್ಲಿ ಮೊದಲನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ, 578ರಲ್ಲಿ ಮಂಗಳೇಶ ಮೂರನೆಯ ಗುಹೆ ಮಾಡಿಸಿದ ಎಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಪ್ರವಾಸಿಗಳು ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಸಂಜೆ ಬಸ್ಸಿಗೆ ಹೋಗುತ್ತಾರೆ. ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಅರಿವೆ ಒಗೆಯುವ ಹೆಣ್ಣುಮಗಳು ಮಾತ್ರ ಇಲ್ಲೇ ಇರುತ್ತಾಳೆ. ಅವಳ ಸೊಂಟನೋವು, ಅವಳ ರಕ್ತಹೀನತೆ, ಅವಳ ಅತ್ತೆಯ ಸಕ್ಕರೆ ಕಾಯಿಲೆ, ಎಲ್ಲ ಇಲ್ಲೇ ಇರುತ್ತವೆ. ಅವಳ ಮನೆಯ ಬಾಗಿಲು ಗೊತ್ತಿರುವ ನರ್ಸ್ ಬೇಕು ಎನ್ನುತ್ತಿದ್ದೇನೆ.

ಯಾಕೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಕೆಲಸಕ್ಕೆ ಸೇರಿ ಐದಾರು ವರ್ಷವಾಗಿತ್ತು. ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಅಲ್ಲೇ ಟೆಂಟು ಹಾಕಿರುತ್ತವೆ, ನಿಮಗೆಲ್ಲ ಗೊತ್ತು. ಆರೋಗ್ಯ ಇಲಾಖೆಯ ಡೇರೆಯಲ್ಲಿ ನನ್ನ ಡ್ಯೂಟಿ. ಸಂಜೆ ಅರ್ಧ ಗಂಟೆ ಬಿಡುವು ಸಿಕ್ಕಿತೆಂದು ಬಳೆ ಅಂಗಡಿ ಸಾಲಿಗೆ ಹೋದೆ.

ಅಲ್ಲಿ ನಮ್ಮ ಓಣಿಯ ಸೊಸೆ ಕೈಚಾಚಿ ಕೂತಿದ್ದಳು. ಎಂಟು ತಿಂಗಳ ಬಸುರಿ, ಮೊದಲ ಹೆರಿಗೆ. ಬಳೆಗಾರ ಅವಳ ಕೈ ಹಿಡಿದು ಹಿಂಡಿ ಹಿಂಡಿ ಬೇಸತ್ತಿದ್ದ. "ಯವ್ವಾ, ಎರಡು ನಾಲ್ಕು ಅಂದಿ. ಇಲ್ಲಿ ಎರಡು ಎಂಟೂ ಏರವಲ್ದಲ್ಲ!"

ನಾನು ಅಲ್ಲೇ ನಿಂತುಬಿಟ್ಟೆ. ತಿಂಗಳ ಹಿಂದೆ ಅವಳ ಕುಬುಸಕ್ಕೆ ಹೋಗಿ, ಹಸಿರು ಬಳೆ ಏರಿಸುವಾಗ ಆ ಕೈ ಹಿಡಿದವಳು ನಾನೇ. ಕಡ್ಡಿಯಂಥ ಕೈ. ಒಂದು ತಿಂಗಳಲ್ಲಿ ಯಾರ ಮುಂಗೈಯೂ ಅಷ್ಟು ದಪ್ಪವಾಗುವುದಿಲ್ಲ.

ಅತ್ತೆ ಪಕ್ಕದಲ್ಲೇ ಇದ್ದಳು. "ಮೈ ತುಂಬ್ಕೊಂಡಾಳ ಬಿಡ್ರಿ ಬಾಯಾರ, ತವರಮನಿ ಊಟ" ಎಂದು ನಕ್ಕಳು.

"ತಲಿ ನೋಯಸ್ತದೇನವ್ವಾ?" ಅಂದೆ.

"ಮುಂಜಾನಿಂದ ಸಿಡಿಯಾಕತ್ತೈತ್ರಿ. ಬಿಸಿಲಿಗೆ ಇರಬೇಕು."

"ಕಣ್ಣು?"

"ಮಂಜ ಮಂಜ ಕಾಣತಾವ್ರಿ. ಆ ನಾಟಕದ ಲೈಟ್ ಭಾಳ ಚುಚ್ಚತಾವು."

ಕೈಮುಖ ಬಾವು, ತಲೆನೋವು, ಕಣ್ಣು ಮಂಜು. ಎಂಟು ತಿಂಗಳ ಬಸುರಿಯಲ್ಲಿ ಈ ಮೂರೂ ಒಟ್ಟಿಗೆ ಕಂಡರೆ ನರ್ಸ್ ಆದವಳ ಎದೆ ಧಸಕ್ ಎನ್ನಬೇಕು. ಡೇರೆಗೆ ಕರೆತಂದು ಬಿಪಿ ನೋಡಿದರೆ 170, 110. ಬಸುರಿಯರಿಗೆ 140, 90 ಮುಟ್ಟಿದರೇ ಎಚ್ಚರ ವಹಿಸಬೇಕು. ಹಾಗೇ ಬಿಟ್ಟರೆ ಫಿಟ್ಸ್ ಬರುತ್ತದೆ. ತಾಯಿ, ಕೂಸು ಇಬ್ಬರ ಜೀವಕ್ಕೂ ಕುತ್ತು. ಅತ್ತೆ ಮಾತ್ರ "ಟಿಕೀಟ ತಗೊಂಡೇವ್ರಿ, ನಾಟಕ ನೋಡಿ ನಾಳಿ ದವಾಖಾನಿಗೆ ಹೋಗತೇವಿ" ಎಂದೇ ಹೇಳುತ್ತಿದ್ದಳು. ಆಗ 108 ಆಂಬುಲೆನ್ಸ್ ಇರಲಿಲ್ಲ. ಅದು ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ತೆಂಗಿನಕಾಯಿ ಇಳಿಸಿ ಖಾಲಿ ನಿಂತಿದ್ದ ಒಂದು ಟೆಂಪೋದಲ್ಲಿ ಜಮಖಾನೆ ಹಾಸಿ, ಅವಳನ್ನು ಎಡಮಗ್ಗುಲಿಗೆ ಮಲಗಿಸಿ ಬಾಗಲಕೋಟೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳ ಕೈ ನನ್ನ ಕೈಯಲ್ಲಿತ್ತು. ಮರುದಿನ ಹೆರಿಗೆಯಾಯಿತು. ಕೂಸು ಸಣ್ಣದು, ಆದರೆ ಗಟ್ಟಿಯಾಗಿ ಅತ್ತಿತು. ಮುಂದಿನ ವರ್ಷದ ಜಾತ್ರೆಯಲ್ಲಿ ಇಲ್ಲಿನ ವಾಡಿಕೆಯಂತೆ ಗುಡಿಯ ಹೊಂಡದ ನೀರಿಗೆ ಬಾಳೆದಿಂಡಿನ ತೆಪ್ಪ ಬಿಟ್ಟು, ಅದರಲ್ಲಿ ಆ ಕೂಸನ್ನು ತೇಲಿಸಿದಾಗ ಅತ್ತೆ ನನ್ನನ್ನು ಹುಡುಕಿ ಕರೆದೊಯ್ದಳು.

ನೋಡಿ, ಹೊರಗಿನಿಂದ ಬಂದ ಯಾರೇ ಆಗಲಿ, ಎಷ್ಟೇ ಓದಿರಲಿ, ಆ ಬಳೆ ಅಂಗಡಿಯಲ್ಲಿ ದುಂಡು ಮುಖದ ಬಸುರಿಯೊಬ್ಬಳನ್ನು ನೋಡಿ ಮುಂದೆ ಹೋಗುತ್ತಿದ್ದರು. ಅವಳ ಹಿಂದಿನ ತಿಂಗಳ ಕೈ ಅವರಿಗೆ ಗೊತ್ತಿರುತ್ತಿರಲಿಲ್ಲ. ಊರು ಬಲ್ಲ ನರ್ಸ್ ಎಂದರೆ ಇದು.

ಹೇಳಬೇಕಾದದ್ದು ಇನ್ನೂ ಇದೆ, ಸಮಯ ಕಡಿಮೆ ಉಳಿದಿದೆ. ಬೇಗ ಹೇಳುತ್ತೇನೆ, ಬರೆದುಕೊಳ್ಳಿ. ಜಿಎನ್‌ಎಂ ಎಂದರೆ ಶುಶ್ರೂಷೆ ಮತ್ತು ಹೆರಿಗೆ ಆರೈಕೆಯ ಡಿಪ್ಲೊಮಾ, 3 ವರ್ಷ. ಬಿ.ಎಸ್ಸಿ ನರ್ಸಿಂಗ್ 4 ವರ್ಷ, ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ರಾಜ್ಯದ ಹೆಚ್ಚಿನ ಕಾಲೇಜುಗಳಲ್ಲಿ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕಾಲೇಜಿಗೆ ಹಣ ಕಟ್ಟುವ ಮೊದಲು ಅದಕ್ಕೆ ಮಾನ್ಯತೆ ಇದೆಯೇ ಎಂದು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ವಿಚಾರಿಸಿ. ಓದು ಮುಗಿದ ಮೇಲೆ ಅದೇ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಗಂಡುಮಕ್ಕಳೂ ಓದಬಹುದು, ಓದಬೇಕು.

ಕೆಲಸ ಎಲ್ಲಿದೆ ಎನ್ನುತ್ತೀರಿ. ಬಯಲು ಸೀಮೆಯಲ್ಲಿ 5000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಲೆಕ್ಕವಿದೆ. ತಾಲ್ಲೂಕು ಆಸ್ಪತ್ರೆ ಇದೆ. ಬಿ.ಎಸ್ಸಿ ಓದಿದವರು ಹಳ್ಳಿಯಲ್ಲೇ ಸಮುದಾಯ ಆರೋಗ್ಯಾಧಿಕಾರಿ ಆಗಬಹುದು. ಬೆಂಗಳೂರಿಗೆ, ಕೊಲ್ಲಿ ದೇಶಕ್ಕೆ ಹೋಗುವವರು ಹೋಗಲಿ, ಅದೂ ಮರ್ಯಾದೆಯ ದುಡಿಮೆಯೇ. ಊರಲ್ಲೇ ಉಳಿಯುವವರನ್ನು ಮಾತ್ರ "ಎಲ್ಲೂ ಸಿಗಲಿಲ್ಲ ಅಂತ ಇಲ್ಲೇ ಕುಂತಾಳ" ಎಂದು ಆಡಿಕೊಳ್ಳಬೇಡಿ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ರಾತ್ರಿ ಡ್ಯೂಟಿ ಇರುವ ಹುಡುಗಿಗೆ ವರ ಸಿಗುವುದಿಲ್ಲ ಎನ್ನುವ ಅಪ್ಪಂದಿರಿಗೂ ಒಂದು ಮಾತು. ನಡುರಾತ್ರಿ ನಿಮ್ಮ ಮನೆಯಲ್ಲಿ ಹೆರಿಗೆ ನೋವು ಬಂದಾಗ ಯಾವ ಹುಡುಗಿಯ ಬಾಗಿಲು ಬಡಿಯುತ್ತೀರಿ? ಅವಳೂ ಒಬ್ಬ ಅಪ್ಪನ ಮಗಳೇ.

ಊರಿನವರು ಮಾಡಬೇಕಾದದ್ದೂ ಇದೆ. ನರ್ಸ್ ಮುಂದೆ ಏನನ್ನೂ ಮುಚ್ಚಿಡಬೇಡಿ. ತಾಯಿ ಕಾರ್ಡನ್ನು ಟ್ರಂಕಿನಲ್ಲಿಡಬೇಡಿ, ಬಸುರಿಯ ಚೀಲದಲ್ಲಿಡಿ. ಗುಹೆಯ ಮೆಟ್ಟಿಲಲ್ಲಿ ಮಂಗ ಕಚ್ಚಿದರೆ ಸುಣ್ಣ, ಅರಿಶಿನ ಹಚ್ಚಿ ಮುಚ್ಚಬೇಡಿ. ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಬನ್ನಿ.

ಮಕ್ಕಳೇ, ಮನಸ್ಸಿದ್ದರೆ ನಾಳೆ ಮಧ್ಯಾಹ್ನ 2ಕ್ಕೆ ನಿಮ್ಮ ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿ. ಆಗ ಡ್ಯೂಟಿ ಬದಲಾಗುತ್ತದೆ. ಹೊರಗೆ ಬರುವ ಸಿಸ್ಟರ್ ದಣಿದಿರುತ್ತಾರೆ. ಆದರೂ "ಅಕ್ಕಾರ, ನಾನೂ ಕಲೀಬೇಕಂತೀನಿ" ಎಂದು ಕೇಳಿ. ನಿಂತು ಹೇಳುತ್ತಾರೆ. ನಮಸ್ಕಾರ.