ಕಪ್ಪು ಬೆಕ್ಕು ಯಾಕೆ ಕಾಣಲಿಲ್ಲ?

ಕೇಳುಗರಿಗೆ ನಮಸ್ಕಾರ.

ಕಣ್ಣಿಗೆ ಕಟ್ಟಿಕೊಂಡರೆ ಬೇರೊಂದು ಲೋಕವನ್ನೇ ತೋರಿಸುವ ವಿಆರ್ ಹೆಡ್‌ಸೆಟ್ ತೆಗೆದಿಟ್ಟು ಕಣ್ಣುಜ್ಜಿಕೊಳ್ಳುವವರು ಎಷ್ಟೋ ಸಲ ಹೇಳುವುದುಂಟು: ‘ನನ್ನ ಕಣ್ಣೇ ಸರಿಯಿಲ್ಲ ಅನ್ಸುತ್ತೆ.’ ಪಾಪ, ಕಣ್ಣು ಸರಿಯಾಗೇ ಇರುತ್ತದೆ. ಎಡವಟ್ಟು ಇರುವುದು ಆ ಪೆಟ್ಟಿಗೆಯೊಳಗೆ.

ಈಗ ಕೂತಲ್ಲೇ ಒಂದು ಕೆಲಸ ಮಾಡಿ. ಗಾಡಿ ಓಡಿಸುತ್ತಿರುವವರು ಸುಮ್ನೆ ಕೇಳಿದರೆ ಸಾಕು. ತೋರುಬೆರಳನ್ನು ಮುಖದ ಮುಂದೆ ಹಿಡಿದು, ನಿಧಾನವಾಗಿ ಮೂಗಿನ ಹತ್ತಿರ ತನ್ನಿ. ಎರಡು ಕಣ್ಣೂ ಒಳಕ್ಕೆ ತಿರುಗಿದವು, ಅಲ್ವಾ? ಅದರ ಜೊತೆಗೇ ಕಣ್ಣೊಳಗಿನ ಮಸೂರ ಉಬ್ಬಿ, ಬೆರಳಿಗೆ ಫೋಕಸ್ ಮಾಡಿಕೊಂಡಿತು. ಈ ಎರಡು ಕೆಲಸ ಜೋಡೆತ್ತುಗಳ ಹಾಗೆ ಒಟ್ಟಿಗೇ ಹೆಜ್ಜೆ ಹಾಕುತ್ತವೆ.

ಹೆಡ್‌ಸೆಟ್ ಈ ಜೋಡಿಯನ್ನು ಬಿಡಿಸುತ್ತದೆ. ಪರದೆ ಇರುವುದು ಕಣ್ಣಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ. ಲೆನ್ಸ್ ಅದನ್ನು ಸಾಮಾನ್ಯವಾಗಿ ಒಂದೆರಡು ಮೀಟರ್ ಆಚೆ ಇರುವಂತೆ ತೋರಿಸುತ್ತದೆ. ಆ ದೂರ ಬದಲಾಗುವುದಿಲ್ಲ. ಆಟದಲ್ಲಿ ಸಿಕ್ಕ ಚೀಟಿಯೊಂದನ್ನು ಮುಖದ ಹತ್ತಿರ ಹಿಡಿದರೆ ಕಣ್ಣುಗಳು ಒಳಕ್ಕೆ ತಿರುಗುತ್ತವೆ, ಮಸೂರ ಮಾತ್ರ ದೂರವನ್ನೇ ನೋಡುತ್ತಿರಬೇಕು. ಅಕ್ಷರ ಮಂಜಾಗುತ್ತದೆ, ಹಣೆ ಹಿಡಿದುಕೊಳ್ಳುತ್ತದೆ. ಚೀಟಿಯನ್ನು ಒಂದು ತೋಳಿನಷ್ಟು ದೂರ ಸರಿಸಿ, ಸ್ವಲ್ಪ ಹಾಯೆನಿಸುತ್ತದೆ.

ಪರದೆಯ ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ, ನಡುವೆ ಕಾಣುತ್ತಿದ್ದ ಸೊಳ್ಳೆಪರದೆಯಂಥ ಜಾಲರಿಯ ಕಾಟ ಈಗ ಕಡಿಮೆ. 2013ರಲ್ಲಿ ಬಂದ ಆಕ್ಯುಲಸ್ ರಿಫ್ಟ್ ಎಂಬ ಹೆಡ್‌ಸೆಟ್‌ನ ಮೊದಲ ಡೆವಲಪರ್ ಮಾದರಿಯಲ್ಲಿ ಒಂದು ಕಣ್ಣಿಗೆ ಅಡ್ಡಕ್ಕೆ 640, ಉದ್ದಕ್ಕೆ 800 ಪಿಕ್ಸೆಲ್ ಅಷ್ಟೇ. ಲೆನ್ಸ್ ಅವನ್ನೇ ಹಿಗ್ಗಿಸಿದಾಗ ನಡುವಿನ ಸಂದು ಎದ್ದು ಕಾಣುತ್ತಿತ್ತು. 2020ರ ಕ್ವೆಸ್ಟ್ 2 ಹೆಡ್‌ಸೆಟ್‌ನಲ್ಲಿ ಅದು 1832, 1920ಕ್ಕೆ ಏರಿತು.

ಸಾಫ್ಟ್‌ವೇರ್‌ದು ಬೇರೆಯೇ ಕಥೆ. ಸೆಕೆಂಡಿಗೆ 90 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವುದು ಸುಮಾರು 11 ಮಿಲಿಸೆಕೆಂಡ್. ಅಷ್ಟರಲ್ಲಿ ಹೊಸದು ತಯಾರಾಗದಿದ್ದರೆ, ಹಳೆಯ ಚಿತ್ರವನ್ನೇ ತಲೆ ತಿರುಗಿದಷ್ಟು ಸರಿಸಿ ತೋರಿಸಿಬಿಡುತ್ತದೆ. ಜಾಣತನವೇ ಸರಿ! ಆದರೆ ಆಟ ತಡವರಿಸುವಾಗ ಸರ್ರನೆ ತಲೆ ತಿರುಗಿಸಿದರೆ ಅಂಚಿನಲ್ಲಿ ಕಪ್ಪು ಪಟ್ಟಿ ಇಣುಕುತ್ತದೆ. ಅಷ್ಟು ದೂರಕ್ಕೆ ಹಳೆಯ ಚಿತ್ರ ಎಟುಕುವುದಿಲ್ಲ.

ನನಗೆ ಜಾಸ್ತಿ ಮಜಾ ಕೊಟ್ಟದ್ದು ಮಾತ್ರ ಎದುರಿನ ನಿಜ ದೃಶ್ಯದ ಮೇಲೆಯೇ ಚಿತ್ರ ಕೂರಿಸುವ ಎಆರ್ ಕನ್ನಡಕ, ಅದೂ ಗಾಜಿನ ಮೂಲಕ ಎದುರಿನದೆಲ್ಲ ಕಾಣುವಂಥದ್ದು. ಅದರಲ್ಲಿ ಮೇಜಿನ ಮೇಲೊಂದು ಕಪ್ಪು ಬೆಕ್ಕನ್ನು ಕೂರಿಸಲು ಹೊರಟೆ. ಬೆಕ್ಕೇ ಇಲ್ಲ! ಎರಡು ಹಸಿರು ಕಣ್ಣುಗಳು ಮಾತ್ರ ತೇಲುತ್ತಿದ್ದವು. ಆ ಗಾಜಿಗೆ ಬೆಳಕು ಸೇರಿಸಲು ಗೊತ್ತು, ಎದುರಿನಿಂದ ಬರುವ ಬೆಳಕನ್ನು ಅಳಿಸಲು ಗೊತ್ತಿಲ್ಲ. ಕಪ್ಪು ಅಂದರೆ ಅದರ ಲೆಕ್ಕದಲ್ಲಿ ಏನೂ ಸೇರಿಸದ ಜಾಗ. ಅಲ್ಲಿ ಮೇಜೇ ಕಾಣುತ್ತದೆ.

ಕೊನೆಗೆ ಬೆಕ್ಕಿಗೆ ಬೂದು ಬಣ್ಣ ಬಳಿದೆ. ಆಗ ಕಂಡಿತು. ಬಾಲದೊಳಗಿಂದ ಮೇಜಿನ ಅಂಚೂ ಕಾಣುತ್ತಿತ್ತು.

ನಮಸ್ಕಾರ.