ಕಾಲ್ಬೆರಳು ನೀಲಿಯಾದರೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಹಿರಿಯರು ಬೆಳಗಾವಿಗೆ ಹೋಗಿ ಆಂಜಿಯೋಗ್ರಾಂ, ಅಂದರೆ ತೊಡೆಯಿಂದಲೋ ಕೈಯಿಂದಲೋ ತಂತಿ ಹಾಕಿ ರಕ್ತನಾಳ ನೋಡುವ ಪರೀಕ್ಷೆ, ಮಾಡಿಸಿಕೊಂಡು ಬರುತ್ತಾರೆ. ಕೆಲವರಿಗೆ ರಕ್ತನಾಳದ ಆಪರೇಷನ್ನೂ ಆಗಿರುತ್ತದೆ. ಸದ್ಯ ಮುಗೀತಲ್ಲ ಎಂದು ಮನೆಯವರು ಉಸಿರು ಬಿಡುತ್ತಾರೆ. ಆಮೇಲೊಂದು ದಿನ ಅಜ್ಜನ ಕಾಲ್ಬೆರಳಿನ ತುದಿ ನೀಲಿಯಾಗುತ್ತದೆ. ಮುಟ್ಟಿದರೆ ನೋವು. ಚಪ್ಪಲಿ ಕಚ್ಚಿರಬೇಕು ಅನ್ನುತ್ತಾರೆ ಒಬ್ಬರು. ಇನ್ನೊಬ್ಬರು ವಾಯು ಎಂದು ಬಿಸಿ ಎಣ್ಣೆ ತಿಕ್ಕುತ್ತಾರೆ. ದಯವಿಟ್ಟು ತಿಕ್ಕಬೇಡಿ, ಕಾವೂ ಕೊಡಬೇಡಿ.

ವಯಸ್ಸಾದವರಿಗೆ, ಅದರಲ್ಲೂ ಬೀಡಿ, ಬಿಪಿ, ಶುಗರ್ ಇದ್ದವರಿಗೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಗೆ ಕೊಬ್ಬು ಮೆತ್ತಿಕೊಂಡಿರುತ್ತದೆ. ಡಾಕ್ಟರು ಅದನ್ನು ಪ್ಲಾಕ್ ಎನ್ನುತ್ತಾರೆ. ಆಂಜಿಯೋಗ್ರಾಂ ತಂತಿ ಹೋಗುವಾಗ, ಆಪರೇಷನ್ನಿನಲ್ಲಿ ನಾಳವನ್ನು ಅದುಮಿ ಹಿಡಿಯುವ ಕ್ಲಾಂಪ್ ಹಾಕುವಾಗ, ಹಳೆ ಗೋಡೆಯ ಸುಣ್ಣ ಉದುರಿದ ಹಾಗೆ ಅದರ ಚೂರು ಉದುರಬಹುದು. ಅದರಲ್ಲಿನ ಚೂಪಾದ ಕೊಲೆಸ್ಟ್ರಾಲ್ ಹರಳು ರಕ್ತದ ಜೊತೆ ಹರಿದು ತೀರ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೊಮ್ಮೆ ತಾನಾಗಿಯೂ ಉದುರುತ್ತದೆ. ಡೆನ್ಮಾರ್ಕಿನ ವೈದ್ಯ ಪಾನುಮ್ ಇದನ್ನು 1862ರಲ್ಲಿ ಬರೆದಿಟ್ಟಾಗ ಆಂಜಿಯೋಗ್ರಾಂ ಎನ್ನುವುದೇ ಇರಲಿಲ್ಲ.

ಮೋಸ ಹೋಗುವುದು ಎಲ್ಲಿ ಗೊತ್ತಾ? ಪಾದ ಬೆಚ್ಚಗೇ ಇರುತ್ತದೆ. ಪಾದದ ಮೇಲೆ ಬೆರಳಿಟ್ಟರೆ ನಾಡಿ ಬಡಿಯುತ್ತಿರುತ್ತದೆ. ದೊಡ್ಡ ನಾಳ ತೆರೆದೇ ಇದೆ, ಅಲ್ವಾ? ಕಟ್ಟಿಕೊಂಡಿರುವುದು ತುದಿಯ ಸಣ್ಣ ನಾಳ. ನಮ್ಮ ಮೈಬಣ್ಣದಲ್ಲಿ ನೀಲಿ ಬೇಗ ಕಾಣುವುದಿಲ್ಲ. ಬೆಳಕಿನಲ್ಲಿ ಕೂರಿಸಿ ಅಂಗಾಲು, ಬೆರಳಿನ ಅಡಿಭಾಗ ನೋಡಿ.

ಬೆರಳಿಗಿಂತ ಜಾಸ್ತಿ ಚಿಂತೆ ನನಗೆ ಕಿಡ್ನಿಯದು. ಇದೇ ಹರಳು ಅಲ್ಲಿನ ಸಣ್ಣ ನಾಳಗಳಲ್ಲೂ ಸಿಕ್ಕಿಕೊಳ್ಳಬಹುದು. ಆಂಜಿಯೋಗ್ರಾಂನಲ್ಲಿ ನಾಳ ಕಾಣಲೆಂದು ಕೊಡುವ ಔಷಧದಿಂದ ಕಿಡ್ನಿಗೆ ಪೆಟ್ಟಾದರೆ ಎರಡು ಮೂರು ದಿನದಲ್ಲೇ ಗೊತ್ತಾಗುತ್ತದೆ, ಸಾಮಾನ್ಯವಾಗಿ ಚೇತರಿಕೆಯೂ ಬೇಗ. ಈ ಹರಳಿನ ಪೆಟ್ಟು ನಿಧಾನ. ಎಷ್ಟೋ ಸಲ ವಾರಗಟ್ಟಲೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋತಾಗ ರಕ್ತದಲ್ಲಿ ಹೆಚ್ಚುವ ಕಸ, ಸುಮ್ನೆ ಏರುತ್ತಾ ಹೋಗುತ್ತದೆ. ಡಿಸ್ಚಾರ್ಜ್ ದಿನ ರಿಪೋರ್ಟ್ ಚೆನ್ನಾಗಿತ್ತು ಎಂದು ಬಿಡಬೇಡಿ. ಕೆಲವು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ಕೇಳಿ.

ಹರಳು ಕರಗಿಸುವ ಔಷಧವಿಲ್ಲ. ಬಿಪಿ ಹಿಡಿತದಲ್ಲಿಡುವುದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಗಾಯದ ಆರೈಕೆ, ಕೆಲವರಿಗೆ ಡಯಾಲಿಸಿಸ್. ಬೀಡಿಯಂತೂ ಬಿಡಲೇಬೇಕು. ನಿಪ್ಪಾಣಿಯ ತಂಬಾಕು ಎಷ್ಟೋ ಮನೆಗೆ ಅನ್ನ ಕೊಟ್ಟಿದೆ ಎಂದು ಗೊತ್ತಿದ್ದೂ ಈ ಮಾತು ಹೇಳುತ್ತಿದ್ದೇನೆ. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ನೀವಾಗಿ ಶುರುವೂ ಮಾಡಬೇಡಿ.

ಇದು ಅಪರೂಪದ ತೊಂದರೆ. ಹೆದರಿ ಆಂಜಿಯೋಗ್ರಾಂ ತಪ್ಪಿಸಬೇಡಿ. ಆದರೆ ಬೆರಳು ನೀಲಿಯಾದರೆ ಅವತ್ತೇ ಆಸ್ಪತ್ರೆಗೆ ಹೊರಡಿ. ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಜಮಖಂಡಿಯಲ್ಲಿ ತೋರಿಸಿದರೂ ಸರಿ, ಇಂಡಿಯಲ್ಲಿ ತೋರಿಸಿದರೂ ಸರಿ, ತಂತಿ ಹಾಕಿದ್ದು ಯಾವ ದಿನ, ತೊಡೆಯಿಂದಲೋ ಕೈಯಿಂದಲೋ, ಅದನ್ನು ಮೊದಲು ಹೇಳಿ.