ಹಳೆ ಶರ್ಟಿನಲ್ಲಿ ಅರ್ಧ ಕೆಲಸ ಮುಗಿದಿದೆ

ಕೇಳುಗರಿಗೆ ನಮಸ್ಕಾರ.

ಹಳೆ ಬಟ್ಟೆಯಲ್ಲಿ ಹೊಸದೇನಾದರೂ ಹೊಲಿಯೋಣ ಅಂತ ಹೊರಟವರು ಮೊದಲು ಮಾಡುವ ಕೆಲಸ ಅಂದರೆ ಹೊಲಿಗೆ ಬಿಚ್ಚುವುದು. ಗುಂಡಿ ಕೀಳುತ್ತಾರೆ, ಜೇಬು ತೆಗೆಯುತ್ತಾರೆ, ಕೊನೆಗೆ ಕೈಯಲ್ಲಿ ಬರೀ ತುಂಡುಬಟ್ಟೆ ಉಳಿಯುತ್ತದೆ. ನನಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಾಜಾ ಹಾಕುವುದು, ಗುಂಡಿಪಟ್ಟಿ ಕೂರಿಸುವುದು, ಜೇಬಿನ ಮೂಲೆ ತಿರುಗಿಸುವುದು, ಹೊಲಿಗೆಯಲ್ಲಿ ಕಷ್ಟದ ಕೆಲಸ ಇವೇ ಅಲ್ವಾ? ಅವನ್ನು ಯಾರೋ ಅಚ್ಚುಕಟ್ಟಾಗಿ ಮಾಡಿಟ್ಟಿದ್ದಾರೆ. ಅದನ್ನು ಉಳಿಸಿಕೊಂಡೇ ಹೊಸದನ್ನು ಯೋಚಿಸೋಣ.

ತುಂಬು ತೋಳಿನ ಒಂದು ಹಳೆ ಶರ್ಟು ತಗೊಳ್ಳಿ. ಕಾಲರ್ ಸವೆದಿರುತ್ತದೆ, ಮೊಣಕೈ ತೆಳುವಾಗಿರುತ್ತದೆ. ಎದೆ ಮತ್ತು ಬೆನ್ನು ಮಾತ್ರ ಸಾಮಾನ್ಯವಾಗಿ ಗಟ್ಟಿ. ಬೆಳಕಿಗೆ ಹಿಡಿದು ನೋಡಿ, ನೂಲು ಬಿಟ್ಟ ಜಾಗ ಗೊತ್ತಾಗಿಬಿಡುತ್ತದೆ. ಎದೆ, ಬೆನ್ನು ಚೆನ್ನಾಗಿದ್ದರೆ ಅದು ದಿಂಬಿನ ಕವರ್ ಆಗಬಹುದು. ಜಿಪ್ ಬೇಡ, ಗುಂಡಿಪಟ್ಟಿಯೇ ಬಾಯಿ.

ಗುಂಡಿಗಳನ್ನೆಲ್ಲ ಹಾಕಿ, ಶರ್ಟನ್ನು ಮೇಜಿನ ಮೇಲೆ ಸುಕ್ಕಿಲ್ಲದಂತೆ ಹರಡಿ. 16 ಇಂಚಿನ ಚೌಕ ದಿಂಬಾದರೆ 17 ಇಂಚಿನ ಗುರುತು ಹಾಕಿ, ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ. ಗುಂಡಿಪಟ್ಟಿ ನಡುವೆ ಬರಲಿ. ಮೇಲಿನ ಮತ್ತು ಕೆಳಗಿನ ಹೊಲಿಗೆಗೆರೆ ಎರಡು ಗುಂಡಿಗಳ ಮಧ್ಯದ ಖಾಲಿ ಜಾಗದಲ್ಲಿ ಹಾದುಹೋಗಬೇಕು. ಗುಂಡಿಯ ಮೇಲೆ ಹೋದರೆ ಸೂಜಿ ಮುರಿಯುತ್ತದೆ. ಎರಡೂ ಪದರವನ್ನು ಒಟ್ಟಿಗೆ ಕತ್ತರಿಸಿ, ಹೊರಗೆ ಕಾಣುವ ಬದಿ ಒಳಗೆ ಬರುವಂತೆ ಮುಖಕ್ಕೆ ಮುಖ ಸೇರಿಸಿ, ನಡುವಿನ ಒಂದೆರಡು ಗುಂಡಿ ಬಿಚ್ಚಿಟ್ಟು ನಾಲ್ಕೂ ಬದಿ ಹೊಲಿಯಿರಿ. ಆ ಬಾಯಿಯಿಂದಲೇ ಒಳಗಿದ್ದದ್ದನ್ನು ಹೊರಗೆ ತಿರುಗಿಸಿದರೆ ಕವರ್ ಸಿದ್ಧ. ಪಟ್ಟಿಯ ಎರಡು ತುದಿಗಳಲ್ಲಿ ಹೊಲಿಗೆ ಹಿಂದೆ ಮುಂದೆ ಓಡಿಸಿ, ಎಳೆತ ಬೀಳುವುದು ಅಲ್ಲೇ.

ಜೀನ್ಸ್ ವಿಷಯದಲ್ಲೂ ಇದೇ ಮಾತು. ಹಿಂದಿನ ಜೇಬು ಬೇಕಾದರೆ ಬಿಚ್ಚಬೇಡಿ. ಅಡಿಯ ಬಟ್ಟೆ ಸಮೇತ, ಸುತ್ತ ಒಂದಿಂಚು ಬಿಟ್ಟು ಕತ್ತರಿಸಿ, ಆ ಜೀನ್ಸಿನಲ್ಲೇ ಹೊಲಿಯುವ ಚೀಲಕ್ಕೆ ಕೂರಿಸಿ. ಜೇಬಿನ ಮೂಲೆಯ ಲೋಹದ ರಿವೆಟ್ ಇದ್ದರೆ ಹಾಗೇ ಇರಲಿ. ಅದು ಸುಮ್ನೆ ಅಂದಕ್ಕೆ ಬಂದದ್ದಲ್ಲ. ಕೆಲಸಗಾರರ ಪ್ಯಾಂಟಿನ ಜೇಬು ಪದೇ ಪದೇ ಕಿತ್ತುಬರುತ್ತಿತ್ತು ಅಂತ ಜೇಕಬ್ ಡೇವಿಸ್ ಎಂಬ ದರ್ಜಿ ಅಮೆರಿಕದಲ್ಲಿ ರಿವೆಟ್ ಹೊಡೆಯತೊಡಗಿದ. 1873ರಲ್ಲಿ ಅವನಿಗೂ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್‌ಗೂ ಅದರ ಪೇಟೆಂಟ್ ಸಿಕ್ಕಿತು. ಭಾರ ಎಳೆಯುವ ಮೂಲೆ ಚೀಲದಲ್ಲೂ ಇರುತ್ತದೆ, ಅಲ್ಲಿಗೆ ಅದು ಹೇಳಿ ಮಾಡಿಸಿದ ಹಾಗಿರುತ್ತದೆ.

ಜೀನ್ಸಿಗೆ 16ನೇ ನಂಬರಿನ ಸೂಜಿ ಹಾಕಿ, ಟಾಕೆ ಸ್ವಲ್ಪ ದೊಡ್ಡದಿರಲಿ. ಮಡಿಕೆಗಳು ಸೇರಿ ಗಂಟಾದ ಕಡೆ ಮಿಷನ್ ಹತ್ತುವುದಿಲ್ಲ. ಅಲ್ಲಿ ಮೇಲೊಂದು ಬಟ್ಟೆ ಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಚಪ್ಪಟೆ ಮಾಡಿ. ಆಗಲೂ ಹತ್ತದಿದ್ದರೆ ಮೋಟಾರು ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಚೀಲಕ್ಕೆ ಲೈನಿಂಗ್ ಹಾಕುವವರು ಒಂದು ವಿಷಯ ನೆನಪಿಡಿ. ಹತ್ತಾರು ಒಗೆತ ಕಂಡ ಹಳೆ ಜೀನ್ಸ್ ಕುಗ್ಗುವಷ್ಟು ಕುಗ್ಗಿ ಆಗಿದೆ. ಹೊಸ ಹತ್ತಿ ಬಟ್ಟೆ ಇನ್ನೂ ಕುಗ್ಗಿಲ್ಲ. ಎರಡನ್ನೂ ಹಾಗೇ ಸೇರಿಸಿದರೆ ಮೊದಲ ಒಗೆತಕ್ಕೇ ಲೈನಿಂಗ್ ಎಳೆದುಕೊಂಡು ಚೀಲ ಸೊಟ್ಟಗಾಗುತ್ತದೆ. ಅದಕ್ಕೇ ಲೈನಿಂಗ್ ಬಟ್ಟೆಯನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಅಳತೆ ಹಾಕಿ.

ನಮಸ್ಕಾರ.